ನಿಮ್ಮದು ಯಾವ ಕಡೆ?

ಯಾವುದೋ ಕಡತದಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಾಗಿ ನಮೂದಾಗಿತ್ತು. ಸರಿಪಡಿಸಿಕೊಳ್ಳಲು ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. ಮಾತಿಗೆ ಸಿಕ್ಕವರು ಒಬ್ಬ ಹೆಂಗಸು. ನಾನು ಆಡಿದ್ದು ಹೆಚ್ಚೆಂದರೆ ನಾಲ್ಕು ವಾಕ್ಯ: ನಮಸ್ಕಾರ, ಹೆಸರು, ಅರ್ಜಿಯ ಸಂಖ್ಯೆ, ತಪ್ಪಾದ ಅಕ್ಷರ ಯಾವುದು ಎಂಬುದು. ಬರೆದುಕೊಳ್ಳುತ್ತಿದ್ದ ಅವರು ತಟ್ಟನೆ ನಿಲ್ಲಿಸಿ, "ಕೇಳಿದೆನೆಂದು ಬೇಸರ ಮಾಡಿಕೊಳ್ಳಬೇಡಿ, ನಿಮ್ಮದು ಯಾವ ಕಡೆ?" ಎಂದರು. ಹೇಳಿದೆ. "ಅಂದುಕೊಂಡೆ" ಎಂದು ನಕ್ಕು ಮತ್ತೆ ಬರೆದುಕೊಳ್ಳತೊಡಗಿದರು.

ಹುಟ್ಟಿ ಬೆಳೆದ ಸೀಮೆ ಬಿಟ್ಟು ನನಗೆ ಮೂವತ್ತು ವರ್ಷ ದಾಟಿದೆ. ನನ್ನ ಮಾತು ಈಗ ಯಾವ ಸೀಮೆಗೂ ಸೇರದ, ಅಚ್ಚಾದ ಪುಸ್ತಕದಂಥ ಮಾತು ಎಂದು ನಂಬಿಕೊಂಡಿದ್ದೆ. ಆ ಬಗ್ಗೆ ಸಣ್ಣ ಜಂಬವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ನಾಲ್ಕೇ ವಾಕ್ಯದಲ್ಲಿ ಅದು ಇಳಿಯಿತು. ನಾನು ಬಳಸಿದ ಪದಗಳಲ್ಲಿ ಯಾವ ಸುಳಿವೂ ಇರಲಿಲ್ಲ. ಅರ್ಜಿಯ ಸಂಖ್ಯೆಯನ್ನು ಯಾವ ಸೀಮೆಯವನಾದರೂ ಅವೇ ಅಂಕಿಗಳಲ್ಲಿ ಹೇಳಬೇಕು. ಸುಳಿವು ಇದ್ದದ್ದು ಯಾವ ಅಂಕಿಯನ್ನು ಎಳೆದೆ, ಯಾವುದನ್ನು ಏರಿಸಿದೆ, ಕೊನೆಯದನ್ನು ಹೇಗೆ ಕೆಳಗಿಳಿಸಿ ಬಿಟ್ಟೆ ಎಂಬುದರಲ್ಲಿ. ಅದೆಲ್ಲ ನನ್ನ ಬಾಯಿಂದಲೇ ಹೊರಟದ್ದು. ಆದರೆ ಕೇಳಿಸಿದ್ದು ಅವರಿಗೆ, ನನಗಲ್ಲ.

ಇಂಗ್ಲಿಷಿನವರು ಇದಕ್ಕೆ ಆಕ್ಸೆಂಟ್ ಎನ್ನುತ್ತಾರೆ. ಪದದ ಒಂದು ಭಾಗವನ್ನು ಒತ್ತಿ ಹೇಳುವುದಕ್ಕೂ ಅದೇ ಪದ, ಅಕ್ಷರದ ತಲೆಯ ಮೇಲೆ ಎಳೆಯುವ ಸಣ್ಣ ಗೆರೆಗೂ ಅದೇ ಪದ, ಒಬ್ಬನ ಮಾತಿನಿಂದ ಅವನ ಊರನ್ನು ಹಿಡಿಯುವ ಧಾಟಿಗೂ ಅದೇ ಪದ. ಕನ್ನಡದಲ್ಲಿ ನಾವು ಇವನ್ನು ಒಂದೇ ಗೂಟಕ್ಕೆ ಕಟ್ಟುವುದಿಲ್ಲ. ಮೊದಲನೆಯದು ಒತ್ತು, ವ್ಯಾಕರಣದವರು ಗಂಭೀರವಾಗಿ ಸ್ವರಾಘಾತ ಎಂದಾರು. ಎರಡನೆಯದಕ್ಕೆ ನಮಗೆ ಕೆಲಸವಿಲ್ಲದ್ದರಿಂದ ಹೆಸರೂ ಇಲ್ಲ, ಬರೀ ಗುರುತು. ಮೂರನೆಯದಕ್ಕೆ ಧಾಟಿ, ಉಚ್ಚಾರ, ಇಷ್ಟವಾದರೆ ಸೊಗಡು, ಇಷ್ಟವಾಗದಿದ್ದರೆ ರಾಗ. "ಅವನ ರಾಗ ಕೇಳಿದೆಯಾ?" ಎಂದರೆ ಅದು ಹೊಗಳಿಕೆಯಲ್ಲ.

ಆದರೂ ರಾಗ ಎಂದವರು ತಿಳಿಯದೆ ಮೂಲಕ್ಕೇ ಕೈ ಹಾಕಿದ್ದಾರೆ. ಆಕ್ಸೆಂಟ್ ಎಂಬುದು ಲ್ಯಾಟಿನ್ನಿನ ಆಕ್ಸೆಂಟುಸ್. ಅದನ್ನು ಬಿಡಿಸಿದರೆ 'ಹಾಡಿನ ಜೊತೆಗೂಡಿದ್ದು' ಎಂದಾಗುತ್ತದೆ. ಲ್ಯಾಟಿನ್ನಿನವರು ಅದನ್ನು ಗ್ರೀಕರ ಪ್ರೊಸೋಡಿಯಾ ಎಂಬ ಪದವನ್ನು ನೋಡಿಕೊಂಡು ತುಂಡು ತುಂಡಾಗಿ ಹೊಲಿದುಕೊಂಡರು. ಅದರಲ್ಲೂ ಇರುವುದು ಹಾಡೇ. ನಮ್ಮ ಸ್ವರ ಎಂಬ ಪದವಂತೂ ಅ-ಆ-ಇ-ಈಗೂ ಸಲ್ಲುತ್ತದೆ, ಸರಿಗಮಕ್ಕೂ ಸಲ್ಲುತ್ತದೆ, ಕಂಠಕ್ಕೂ ಸಲ್ಲುತ್ತದೆ, ವೇದ ಹೇಳುವವರ ಏರಿಳಿತಕ್ಕೂ ಸಲ್ಲುತ್ತದೆ. ಮಾತಿನೊಳಗೊಂದು ಹಾಡಿದೆ ಎಂಬುದನ್ನು ಹಳಬರು ಎಲ್ಲ ಕಡೆಯೂ ಕಂಡುಕೊಂಡಿದ್ದರು.

ಆ ಹಾಡನ್ನು ಬರೆದಿಡಬೇಕು ಎಂದು ಯಾರಿಗೆ ಅನ್ನಿಸುತ್ತದೆ? ಅದನ್ನು ಹಾಡುತ್ತಿರುವವರಿಗಂತೂ ಅಲ್ಲ. ಗ್ರೀಕ್ ಅಕ್ಷರಗಳ ಮೇಲಿನ ಮೂರು ಬಗೆಯ ಗೆರೆಗಳನ್ನು ರೂಢಿಗೆ ತಂದವನು ಬೈಜಾಂಟಿಯಮ್ಮಿನ ಅರಿಸ್ಟೋಫನೀಸ್ ಎನ್ನುವುದು ಪರಂಪರೆ. ಇವನು ಅದೇ ಹೆಸರಿನ ಗ್ರೀಕ್ ನಾಟಕಕಾರನಲ್ಲ, ಕ್ರಿಸ್ತಪೂರ್ವ 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ವಿದ್ವಾಂಸ. ಅಲೆಕ್ಸಾಂಡರನ ದಂಡಯಾತ್ರೆಯ ಬೆನ್ನಿಗೆ ಗ್ರೀಕ್ ಭಾಷೆ ಈಜಿಪ್ಟು, ಸಿರಿಯಾಗಳವರೆಗೆ ಹರಡಿತ್ತು. ಮನೆಯಲ್ಲಿ ಬೇರೆ ಮಾತಾಡುವವರು ಗ್ರೀಕ್ ಓದತೊಡಗಿದ್ದರು. ಯಾವ ಸ್ವರ ಏರಬೇಕು, ಯಾವುದು ಇಳಿಯಬೇಕು, ಯಾವುದು ಏರಿ ಇಳಿಯಬೇಕು ಎಂದು ಗೆರೆ ಎಳೆದು ತೋರಿಸಬೇಕಾದದ್ದು ಅಂಥವರಿಗೆ. ತೊಟ್ಟಿಲಲ್ಲೇ ಕಲಿತವನಿಗೆ ಆ ಗೆರೆಗಳು ವ್ಯರ್ಥ.

ಮುಂದೆ ನಡೆದದ್ದು ಇನ್ನೂ ತಮಾಷೆಯಾಗಿದೆ. ಕೆಲವು ಶತಮಾನ ಕಳೆಯುವಷ್ಟರಲ್ಲಿ ಗ್ರೀಕರ ಮಾತಿನಿಂದ ಆ ಏರಿಳಿತವೇ ಹೊರಟುಹೋಗಿ ಬರೀ ಒತ್ತು ಉಳಿಯಿತು. ಮೂರು ಗೆರೆಗಳೂ ಒಂದೇ ಸದ್ದಿನ ಮೂರು ಚಿತ್ರಗಳಾದವು. ಆದರೂ ಸಾವಿರದೈನೂರು ವರ್ಷಕ್ಕೂ ಹೆಚ್ಚು ಕಾಲ ಗ್ರೀಕ್ ಮಕ್ಕಳು ಯಾವ ಪದಕ್ಕೆ ಯಾವ ಗೆರೆ ಎಂದು ಬಾಯಿಪಾಠ ಮಾಡಿದರು, ತಪ್ಪಿದವರು ಪೆಟ್ಟನ್ನೂ ತಿಂದಿರಬೇಕು. 1982ರಲ್ಲಿ ಗ್ರೀಸ್ ಸರ್ಕಾರ ಮೂರನ್ನೂ ಕೈಬಿಟ್ಟು ಒಂದೇ ಗುರುತು ಸಾಕೆಂದಿತು. ಫ್ರೆಂಚರೂ ಇಂಥದ್ದೇ ಒಂದನ್ನು ಸಾಕಿಕೊಂಡಿದ್ದಾರೆ. ಆಸ್ಪತ್ರೆ, ಕಾಡು ಎಂಬ ಅರ್ಥದ ಅವರ ಪದಗಳಲ್ಲಿ ಒಂದು ಸ್ವರದ ಮೇಲೆ ಸಣ್ಣ ಟೋಪಿಯಿದೆ. ಹಿಂದೊಮ್ಮೆ ಅಲ್ಲಿ ಸಕಾರವಿತ್ತು, ಈಗಿಲ್ಲ ಎಂಬುದರ ಗುರುತು ಅದು. ಇಂಗ್ಲಿಷಿನ ಹಾಸ್ಪಿಟಲ್, ಫಾರೆಸ್ಟ್ ಪದಗಳಲ್ಲಿ ಆ ಸಕಾರ ಇನ್ನೂ ಗಟ್ಟಿಯಾಗಿ ಕುಳಿತಿದೆ.

ವೇದದ ಸ್ವರಗಳ ಕತೆ ಇದರ ಇನ್ನೊಂದು ಮಗ್ಗುಲು. ಪಾಣಿನಿ ಬಿಗಿಯಾದ ಮೂರು ಸೂತ್ರಗಳಲ್ಲಿ ಹೇಳಿ ಮುಗಿಸುತ್ತಾನೆ: ಮೇಲಿನದು ಉದಾತ್ತ, ಕೆಳಗಿನದು ಅನುದಾತ್ತ, ಎರಡೂ ಕೂಡಿದ್ದು ಸ್ವರಿತ. ಋಗ್ವೇದವನ್ನು ಬರೆಯುವಾಗ ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡ ಗೆರೆ, ಸ್ವರಿತಕ್ಕೆ ಮೇಲೆ ನೆಟ್ಟಗಿನ ಗೆರೆ. ಉದಾತ್ತಕ್ಕೆ ಏನೂ ಇಲ್ಲ. ಪದದ ಮುಖ್ಯ ಸ್ವರವೇ ಬರಿಮೈಯಲ್ಲಿ ನಿಂತಿರುತ್ತದೆ, ಅದರ ಅಕ್ಕಪಕ್ಕದವುಗಳಿಗೆ ಮಾತ್ರ ಗುರುತು. ನಾವು 'ಉದಾತ್ತ ಮನಸ್ಸು' ಎನ್ನುವಾಗ ಬಳಸುವುದು ಇದೇ ಪದವನ್ನು.

ಸ್ವರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವೈದಿಕರು ಹೇಳುವ ಒಂದು ಕತೆಯಿದೆ. ಪಾಣಿನಿಗೆ ಭಾಷ್ಯ ಬರೆದ ಪತಂಜಲಿಯೂ ತನ್ನ ಮಹಾಭಾಷ್ಯದ ಆರಂಭದಲ್ಲೇ ಅದರತ್ತ ಬೆರಳು ತೋರಿಸುತ್ತಾನೆ. ಇಂದ್ರನ ಮೇಲಿನ ಸಿಟ್ಟಿಗೆ ದೇವಶಿಲ್ಪಿ ತ್ವಷ್ಟೃ ಒಂದು ಯಜ್ಞ ಮಾಡುತ್ತಾನೆ. ಇಂದ್ರನನ್ನು ಕೊಲ್ಲುವವನು ಬೆಳೆಯಲಿ ಎಂಬ ಅರ್ಥದಲ್ಲಿ 'ಇಂದ್ರಶತ್ರು' ಎನ್ನಬೇಕು, ಉದಾತ್ತ ಕೊನೆಯಲ್ಲಿರಬೇಕು. ಅದು ಮೊದಲಿಗೆ ಬಂದುಬಿಡುತ್ತದೆ. ಹಾಗೆ ಬಂದಾಗ ಸಮಾಸವೇ ಬೇರೆ, ಅರ್ಥವೂ ತಿರುವುಮುರುವು: ಯಾರನ್ನು ಇಂದ್ರನು ಕೊಲ್ಲುತ್ತಾನೋ ಅವನು. ಆ ಯಜ್ಞದಿಂದ ವೃತ್ರ ಹುಟ್ಟಿದ, ಬೆಳೆದ, ಇಂದ್ರನ ಕೈಯಲ್ಲೇ ಸತ್ತ. ಅಕ್ಷರ ಒಂದೂ ಬದಲಾಗಲಿಲ್ಲ. ಯಜ್ಞದ ಫಲದಲ್ಲಿ ನಂಬಿಕೆಯಿಲ್ಲದವರಿಗೂ ಈ ಕತೆಯ ವ್ಯಾಕರಣದಲ್ಲಿ ನಂಬಿಕೆ ಬರಬೇಕು.

ಆಡುವ ಸಂಸ್ಕೃತದಲ್ಲಿ ಈ ಸ್ವರಗಳು ಯಾವಾಗಲೋ ಕಳೆದುಹೋದವು. ಪಾಠ ಒಪ್ಪಿಸುವವರ ಗಂಟಲಲ್ಲಿ ಮಾತ್ರ ಉಳಿದುಕೊಂಡವು. ಹಾಗೆ ಉಳಿದದ್ದು ಎಷ್ಟೋ ಸಾವಿರ ಮೈಲಿ ದೂರದ ಒಂದು ಗಂಟನ್ನು ಬಿಚ್ಚಿತು ಎಂಬುದು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ ಒಂದು ನಿಯಮ ಹೇಳಿದ. ಸಂಸ್ಕೃತ, ಲ್ಯಾಟಿನ್ನುಗಳ ಪಕಾರ ಜರ್ಮನ್ ಬಳಗದ ಭಾಷೆಗಳಲ್ಲಿ ಫಕಾರವಾಗುತ್ತದೆ, ತಕಾರವು ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಊದುವ ಥಕಾರವಾಗುತ್ತದೆ, ಹೀಗೆ. ಭ್ರಾತೃ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಬ್ರೋಥೊರ್ ಆಗಿ ನಿಯಮಕ್ಕೆ ತಲೆಬಾಗುತ್ತದೆ. ಪಿತೃ ಮಾತ್ರ ಫ್ಯಾಡೆರ್ ಆಗುತ್ತದೆ. ಅದೇ ತಕಾರ ಅಣ್ಣತಮ್ಮಂದಿರಲ್ಲಿ ಒಂದು ದಾರಿ, ಅಪ್ಪನಲ್ಲಿ ಇನ್ನೊಂದು ದಾರಿ ಹಿಡಿಯುವುದೇಕೆ? ಐವತ್ತು ವರ್ಷ ಯಾರಿಗೂ ಬಗೆಹರಿಯಲಿಲ್ಲ.

1875ರಲ್ಲಿ ಅದನ್ನು ಬಗೆಹರಿಸಿದವನು ಕಾರ್ಲ್ ವೆರ್ನರ್ ಎಂಬ ಡೆನ್ಮಾರ್ಕಿನ ವಿದ್ವಾಂಸ. ಮೈ ಸರಿಯಿಲ್ಲವೆಂದು ಮಲಗಲು ಹೊರಟವನು ನಿದ್ದೆ ಬರಿಸಲು ತಕ್ಕ ಪುಸ್ತಕವೆಂದು ತುಲನಾತ್ಮಕ ವ್ಯಾಕರಣವೊಂದನ್ನು ಕೈಗೆತ್ತಿಕೊಂಡನಂತೆ. ತೆರೆದ ಪುಟದಲ್ಲಿ ಸಂಸ್ಕೃತದ ಈ ಎರಡು ಪದಗಳು ಸ್ವರದ ಗುರುತು ಹೊತ್ತು ನಿಂತಿದ್ದವು. ಭ್ರಾತೃವಿಗೆ ಉದಾತ್ತ ಮೊದಲ ಸ್ವರದಲ್ಲಿ, ಪಿತೃವಿಗೆ ಎರಡನೆಯದರಲ್ಲಿ. ಅಷ್ಟೇ ವ್ಯತ್ಯಾಸ. ಉದಾತ್ತದ ಬೆನ್ನಿಗೇ ಬಂದ ವ್ಯಂಜನ ಗಟ್ಟಿಯಾಗಿ ಉಳಿಯಿತು. ಉದಾತ್ತ ಇನ್ನೂ ಬರಬೇಕಿದ್ದಾಗ ಬಂದ ವ್ಯಂಜನ ಮೆತ್ತಗಾಯಿತು. ಆಮೇಲೆ ಜರ್ಮನ್ ಬಳಗದಲ್ಲಿ ಒತ್ತೆಲ್ಲ ಪದದ ಮೊದಲಿಗೆ ಸರಿದು ಹಳೆಯ ಜಾಗದ ಕುರುಹೇ ಅಳಿಯಿತು, ವ್ಯಂಜನದ ಮೇಲೆ ಅದು ಒತ್ತಿದ ಹೆಜ್ಜೆ ಮಾತ್ರ ಉಳಿಯಿತು. ಅರ್ಥ ಗೊತ್ತಿಲ್ಲದೆಯೂ ಸ್ವರ ತಪ್ಪದಂತೆ ಪಾಠ ಒಪ್ಪಿಸಿದ ಎಷ್ಟೋ ತಲೆಮಾರಿನ ಹುಡುಗರಿಗೆ, ತಾವು ಇಂಗ್ಲಿಷಿನ ಅಪ್ಪನ ಗುಟ್ಟನ್ನು ಹೊತ್ತು ತಿರುಗುತ್ತಿದ್ದೇವೆಂದು ತಿಳಿಯುವ ದಾರಿ ಇರಲಿಲ್ಲ.

ಕನ್ನಡಿಗನ ಕಿವಿಗೆ ಈ ಒತ್ತಿನ ಲೋಕ ಸ್ವಲ್ಪ ಅಪರಿಚಿತ. ನಮ್ಮಲ್ಲಿ ಒತ್ತನ್ನು ಅತ್ತಿತ್ತ ಸರಿಸಿದರೆ ಪದದ ಅರ್ಥ ಬದಲಾಗುವುದಿಲ್ಲ, ಕೇಳಲು ವಿಚಿತ್ರವಾಗುತ್ತದೆ ಅಷ್ಟೆ. ಒತ್ತಿ ಹೇಳಬೇಕಾದರೆ ನಾವು ಗಂಟಲಿಗೆ ಶ್ರಮ ಕೊಡುವ ಬದಲು ಒಂದು ಏಕಾರ ಅಂಟಿಸುತ್ತೇವೆ. ಅವನೇ ನಿನ್ನೆ ಬಂದ, ಅವನು ನಿನ್ನೆಯೇ ಬಂದ, ಅವನು ನಿನ್ನೆ ಬಂದೇ ಬಂದ. ಕಾಗದದ ಮೇಲೆಯೂ ಕಾಣುವ ಒತ್ತು ಇದು. ನಮ್ಮಲ್ಲಿ ಅರ್ಥ ಕೆಡಿಸುವುದು ಎಳೆತ ಮತ್ತು ಒತ್ತಕ್ಷರ: ಬಲ-ಬಾಲ, ಹಳಿ-ಹಳ್ಳಿ. ಇಂಗ್ಲಿಷ್ ಮನೆಮಾತಿನ ಗೆಳೆಯನೊಬ್ಬ ಕನ್ನಡ ಕಲಿಯುತ್ತಿದ್ದಾಗ, ಹಿರಿಯರೊಬ್ಬರು ತಮ್ಮ ಬಾಲ್ಯದ ಪ್ರಸಂಗ ಹೇಳಿ ಮುಗಿಸಿದ ಕೂಡಲೇ ಬಹಳ ವಿನಯದಿಂದ, "ನಿಮ್ಮ ಕತ್ತೆ ತುಂಬ ಚೆನ್ನಾಗಿದೆ" ಎಂದಿದ್ದ. ಮೊದಲ ಅಕ್ಷರವನ್ನು ಒತ್ತಿ ಹೇಳುವ ಅವನ ಅಭ್ಯಾಸಕ್ಕೆ ಮುಂದಿನ ತಕಾರ ಇಮ್ಮಡಿಯಾಗಿತ್ತು. ಹಿರಿಯರು ನಕ್ಕು, ಅದು ಸತ್ತು ಎಷ್ಟೋ ಕಾಲವಾಯಿತು ಎಂದರು.

ನಾವು ಇಂಗ್ಲಿಷ್ ಆಡುವಾಗ ಅವರೂ ಹೀಗೆಯೇ ನಗುತ್ತಿರಬೇಕು. ಅವರ ರೆಕಾರ್ಡ್ ಮೊದಲಿಗೆ ಒತ್ತಿದರೆ ನಾಮಪದ, ಕೊನೆಗೆ ಒತ್ತಿದರೆ ಕ್ರಿಯಾಪದ. ಒತ್ತು ಬೀಳದ ಸ್ವರಗಳು ಅವರ ಬಾಯಲ್ಲಿ ಸೊರಗಿ ಬಣ್ಣಗೆಡುತ್ತವೆ. ಅವರ ಫೋಟೋಗ್ರಾಫ್ ಪದಕ್ಕೆ ಒತ್ತು ಮೊದಲಿಗೆ. ತೆಗೆಯುವವನನ್ನು ಹೇಳುವಾಗ ಅದು ಎರಡನೆಯದಕ್ಕೆ ಹಾರುತ್ತದೆ. ಫೋಟೋಗ್ರಾಫಿಕ್ ಎನ್ನುವಾಗ ಮೂರನೆಯದಕ್ಕೆ. ಒತ್ತು ಹಾರಿದಾಗಲೆಲ್ಲ ಸ್ವರಗಳ ಗುಣವೇ ಬದಲಾಗುತ್ತದೆ. ಎಲ್ಲ ಅಕ್ಷರಕ್ಕೂ ಸಮನಾಗಿ ನ್ಯಾಯ ಸಲ್ಲಿಸಿ ಅಭ್ಯಾಸವಾದ ನಮಗೆ ಇದು ಅನ್ಯಾಯವೆನ್ನಿಸುತ್ತದೆ. ನಾನಂತೂ ಮೂರರಲ್ಲೂ ಎಲ್ಲ ಸ್ವರಗಳನ್ನು ತುಂಬಿ ಹೇಳುತ್ತೇನೆ. ಅದೇ ನನ್ನ ಆಕ್ಸೆಂಟ್.

ಒತ್ತು ಎಲ್ಲ ಕಡೆಯೂ ಹೀಗೆ ಕುಣಿಯುವುದಿಲ್ಲ. ಫಿನ್ನಿಷ್, ಹಂಗೇರಿಯನ್, ಚೆಕ್ ಭಾಷೆಗಳಲ್ಲಿ ಅದು ಪದದ ತಲೆಯಲ್ಲೇ. ಪೋಲಿಷಿನಲ್ಲಿ ಸಾಮಾನ್ಯವಾಗಿ ಕೊನೆಯದಕ್ಕಿಂತ ಒಂದು ಹಿಂದೆ. ಫ್ರೆಂಚಿನಲ್ಲಿ ಕಡೆಗೆ. ಜಾಗ ಹೀಗೆ ಗೊತ್ತಾಗಿದ್ದರೆ ಒತ್ತಿಗೆ ಅರ್ಥ ಬೇರ್ಪಡಿಸುವ ಕೆಲಸವಿರುವುದಿಲ್ಲ. ಪದ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ತೋರಿಸುವ ಬದುವಿನ ಕೆಲಸ ಮಾತ್ರ. ಹೀಗೆ ಬೆಳೆದ ಕಿವಿಗೆ ಏನಾಗುತ್ತದೆ ಎಂದು 1997ರಲ್ಲಿ ಎಮಾನ್ಯುಯೆಲ್ ದುಪು ಮತ್ತು ಸಂಗಡಿಗರು ಪರೀಕ್ಷಿಸಿದರು. ಒತ್ತಿನ ಜಾಗ ಮಾತ್ರ ಬೇರೆಯಾಗಿರುವ ಪದಗಳನ್ನು ಬೇರ್ಪಡಿಸಲು ಫ್ರೆಂಚರು ತಡಕಾಡಿದರು. ಸ್ಪ್ಯಾನಿಷಿನವರಿಗೆ ಅದು ಸಲೀಸಾಗಿತ್ತು, ಏಕೆಂದರೆ ಅವರ ಭಾಷೆಯಲ್ಲಿ ಆಲೂಗಡ್ಡೆಗೂ ಅಪ್ಪನಿಗೂ ಇರುವ ವ್ಯತ್ಯಾಸ ಒತ್ತು ಒಂದೇ. ಈ ಸ್ಥಿತಿಗೆ ಸಂಶೋಧಕರು ಒತ್ತಿನ ಕಿವುಡು ಎಂದೇ ಹೆಸರಿಟ್ಟರು.

ಈ ಕಿವುಡು ಹುಟ್ಟಿನಿಂದ ಬಂದದ್ದಲ್ಲ, ಗಳಿಸಿಕೊಂಡದ್ದು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೆಸರಾದದ್ದು. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತಕಾರ ಬೇರೆ, ಟಕಾರ ಬೇರೆ ಎಂದು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಹೆಚ್ಚುಕಡಿಮೆ ಮಾಯವಾಗಿತ್ತು. ಇಂಗ್ಲಿಷಿನಲ್ಲಿ ನಾಲಿಗೆ ತಾಗುವ ಜಾಗ ಇವೆರಡರ ನಡುವೆ ಎಲ್ಲೋ ಇದೆ. ನಾವು ಅದನ್ನು ಟ ಎಂದು ಹಿಡಿದು ನಾಲಿಗೆಯನ್ನು ಮಡಿಸುತ್ತೇವೆ, ಅವರು ಕೂಡಲೇ ನಮ್ಮ ದಿಕ್ಕನ್ನು ಹಿಡಿಯುತ್ತಾರೆ. ಅವರು ಬಲೆ-ಬಳೆ, ಮನೆ-ಮಣೆಗಳನ್ನು ಒಂದೇ ಮಾಡುತ್ತಾರೆ, ನಾವು ಅವರ ದಿಕ್ಕನ್ನು ಹಿಡಿಯುತ್ತೇವೆ. ಒಂದು ವರ್ಷ ತುಂಬುವ ಮೊದಲೇ ಕೂಸು ತನಗೆ ಬೇಡದ ಸದ್ದುಗಳ ಕದ ಮುಚ್ಚಿಕೊಂಡಿರುತ್ತದೆ. ಮಾತೃಭಾಷೆ ಕಲಿಯುವುದೆಂದರೆ ಎಷ್ಟನ್ನೋ ಕೇಳಿಸಿಕೊಳ್ಳದಿರಲು ಕಲಿಯುವುದೂ ಹೌದು.

ಮುಚ್ಚಿದ ಕದವನ್ನು ನಾನೊಮ್ಮೆ ತಟ್ಟಿ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಜಪಾನಿ ಕಲಿಯಲು ಹೊರಟೆ. ಟೋಕಿಯೋ ಕಡೆಯ ಮಾತಿನಲ್ಲಿ ಹಶಿ ಎಂಬುದು ಮೊದಲು ಮೇಲಿದ್ದು ಇಳಿದರೆ ಊಟದ ಕಡ್ಡಿ, ಕೆಳಗಿದ್ದು ಏರಿದರೆ ಸೇತುವೆ. ಕಲಿಸುತ್ತಿದ್ದವರು ಎರಡನ್ನೂ ತಾಳ್ಮೆಯಿಂದ ಹೇಳುತ್ತಿದ್ದರು, ನಾನು ಎರಡಕ್ಕೂ ಒಂದೇ ಉತ್ತರ ಕೊಡುತ್ತಿದ್ದೆ. ಸಂಗೀತದಲ್ಲಿ ಶ್ರುತಿ ತಪ್ಪಿದರೆ ನನಗೆ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಅದೇ ಏರಿಳಿತ ಪದದ ಮೈಗೆ ಅಂಟಿಕೊಂಡಾಗ ಕಿವಿ ಅದನ್ನು ಭಾವವೆಂದು ಎಣಿಸಿ ಬದಿಗಿಡುತ್ತಿತ್ತು. ಇವರು ಯಾಕೋ ಬೇಸರದಲ್ಲಿದ್ದಾರೆ, ಈಗ ಸ್ವಲ್ಪ ಗೆಲುವಾದರು, ಎಂಬಂತೆ. ಕಡೆಗೊಂದು ದಿನ ವ್ಯತ್ಯಾಸ ಹಿಡಿಯಿತು. ಅದೇ ವಾರ ಅವರು, ಓಸಾಕಾ-ಕ್ಯೋಟೋ ಕಡೆ ಇದು ತಿರುಗುಮುರುಗು ಎಂದರು: ಅಲ್ಲಿ ಇಳಿದರೆ ಸೇತುವೆ, ಏರಿದರೆ ಕಡ್ಡಿ. ನನ್ನ ಜಪಾನಿ ಕಲಿಕೆ ಹೆಚ್ಚು ದಿನ ಮುಂದುವರಿಯಲಿಲ್ಲ.

ಕೇಳಿಸದ್ದು ಬಾಯಲ್ಲಿ ಹೊರಡುವುದೂ ಇಲ್ಲ. ಇದು ಗೊತ್ತಿದ್ದವರು ಅದನ್ನು ಆಯುಧ ಮಾಡಿಕೊಂಡಿದ್ದಾರೆ. ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದ 12ನೆಯ ಅಧ್ಯಾಯದಲ್ಲಿ, ಯುದ್ಧದಲ್ಲಿ ಸೋತ ಎಫ್ರಾಯೀಮಿನವರು ಯೊರ್ದನ್ ನದಿ ದಾಟಿ ಊರಿಗೆ ಹಿಂತಿರುಗಲು ಬರುತ್ತಾರೆ. ಹಾಯುಗಡದಲ್ಲಿ ನಿಂತ, ಗೆದ್ದ ಗಿಲ್ಯಾದಿನವರು ಒಬ್ಬೊಬ್ಬನನ್ನೂ 'ಷಿಬ್ಬೋಲೆತ್' ಎನ್ನಲು ಹೇಳುತ್ತಾರೆ. ತೆನೆ ಎಂಬ ಅರ್ಥದ, ಯಾರ ತಂಟೆಗೂ ಹೋಗದ ಪದ. 'ಸಿಬ್ಬೋಲೆತ್' ಎಂದವನನ್ನು ಅಲ್ಲೇ ಕೊಲ್ಲುತ್ತಾರೆ. ಸತ್ತವರು 42,000 ಎನ್ನುತ್ತದೆ ಪುಸ್ತಕ. 1937ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಹೈಟಿಯವರ ಕಗ್ಗೊಲೆ ನಡೆದಾಗ ಒಂದು ಸೊಪ್ಪಿನ ಹೆಸರನ್ನು, ಅದರ ರಕಾರವನ್ನು, ಹೀಗೆಯೇ ಪರೀಕ್ಷೆಗೆ ಒಡ್ಡಲಾಗಿತ್ತೆಂದು ಹೇಳುತ್ತಾರೆ. ಶಕಾರ ಸಕಾರಗಳನ್ನು ಹಿಡಿದು ನಗುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ನಮ್ಮ ಕೈಯಲ್ಲಿ ಕತ್ತಿಯಿಲ್ಲ ಅಷ್ಟೆ.

ಸದ್ದಿನಲ್ಲೇ ಮೇಲು ಕೀಳು ಇದೆಯೇ? ರಕಾರವನ್ನೇ ನೋಡಿ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದ. ಒಂದು ಶ್ರೀಮಂತರದ್ದು, ಒಂದು ಮಧ್ಯಮದವರದ್ದು, ಒಂದು ಅಗ್ಗದ್ದು. ನಾಲ್ಕನೆಯ ಮಹಡಿಯಲ್ಲಿರುವ ಸರಕು ಯಾವುದೆಂದು ಮೊದಲೇ ತಿಳಿದುಕೊಂಡು, ಅದು ಎಲ್ಲಿದೆ ಎಂದು ಕೆಲಸಗಾರರನ್ನು ಕೇಳಿದ. 'ಫೋರ್ತ್ ಫ್ಲೋರ್' ಎಂಬ ಉತ್ತರದಲ್ಲಿ ರಕಾರ ಎರಡು ಸಲ ಬರಬೇಕು. ಕೇಳಿಸಲಿಲ್ಲ ಎಂಬಂತೆ ನಟಿಸಿ ಇನ್ನೊಮ್ಮೆ ಹೇಳಿಸಿಕೊಂಡ, ಮರೆಗೆ ಹೋಗಿ ಬರೆದುಕೊಂಡ. ಶ್ರೀಮಂತರ ಅಂಗಡಿಯಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ ಒಮ್ಮೆಯಾದರೂ ರಕಾರ ನುಡಿದರು, ಮಧ್ಯಮದ್ದರಲ್ಲಿ ಐವರು, ಅಗ್ಗದ್ದರಲ್ಲಿ ಇಬ್ಬರು. ಅಂದರೆ ನ್ಯೂಯಾರ್ಕಿನಲ್ಲಿ ಆ ಜಾಗದ ರಕಾರ ದೊಡ್ಡಸ್ತಿಕೆಯ ಗುರುತು. ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೆ ಹೋದರೆ ದೊಡ್ಡಸ್ತಿಕೆಯ ಉಚ್ಚಾರದಲ್ಲಿ ಅಲ್ಲಿ ರಕಾರವೇ ಇಲ್ಲ. ಅದನ್ನು ನುಡಿಯುವವನು ಹಳ್ಳಿಯವನು. ಓಸಾಕಾದ ಸೇತುವೆಯ ಹಾಗೆ, ನದಿ ಅದೇ, ದಡ ತಿರುಗಿದೆ.

ಬೇರೆ ಧಾಟಿಯವನ ಮಾತನ್ನು ನಾವು ಕಡಿಮೆ ನಂಬುತ್ತೇವೆ ಎಂಬುದಕ್ಕೂ ಆಧಾರವಿದೆ. ಶಿರಿ ಲೆವ್-ಆರಿ ಮತ್ತು ಬೋವಾಜ್ ಕೇಸರ್ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಜಿರಾಫೆ ಒಂಟೆಗಿಂತ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು ಎಂಬಂಥ ಸಣ್ಣ ಸಂಗತಿಗಳನ್ನು ಜನರಿಗೆ ಕೇಳಿಸಲಾಯಿತು. ಮಾತಾಡುವವರು ಬರೀ ಓದುತ್ತಿದ್ದಾರೆ, ಸಂಗತಿ ಅವರದಲ್ಲ ಎಂದು ಮೊದಲೇ ಹೇಳಿದ್ದರೂ, ಪರಭಾಷೆಯ ಧಾಟಿಯಲ್ಲಿ ಕೇಳಿದ್ದನ್ನು ಜನ ಕಡಿಮೆ ನಿಜವೆಂದು ಎಣಿಸಿದರು. ಅರ್ಥಮಾಡಿಕೊಳ್ಳಲು ಪಟ್ಟ ಶ್ರಮವನ್ನು ಕಿವಿ ಅನುಮಾನವಾಗಿ ತಿರುಗಿಸಿಕೊಳ್ಳುತ್ತದೆ ಎಂಬುದು ಅವರ ವಿವರಣೆ. ಇದರಲ್ಲಿ ದ್ವೇಷವೇ ಬೇಕಾಗಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು. ದ್ವೇಷಿಸುವವನನ್ನು ಕನಿಷ್ಠ ಎದುರಿಸಬಹುದು.

ಯಂತ್ರಗಳಿಗೂ ಇದೇ ಕಿವಿ ಬಂದಿದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮಾತನ್ನು ಬರಹಕ್ಕಿಳಿಸುವ ಐದು ಹೆಸರಾಂತ ವ್ಯವಸ್ಥೆಗಳು ಬಿಳಿಯರ ಮಾತಿನಲ್ಲಿ ನೂರು ಪದಕ್ಕೆ ಸರಾಸರಿ 19 ತಪ್ಪು ಮಾಡಿದರೆ ಕಪ್ಪುಜನರ ಮಾತಿನಲ್ಲಿ 35 ಮಾಡಿದ್ದವು. ಇದನ್ನು ಓದುವ ಮೊದಲೇ ನನಗೆ ಅನುಭವವಾಗಿತ್ತು. ಒಂದು ಸಂಸ್ಥೆಯ ಫೋನಿನಲ್ಲಿ ಯಂತ್ರ ನನ್ನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿತು. ಉತ್ತರ ಒಂದೇ ಪದ. ಮೂರು ಸಲ ಹೇಳಿದೆ, ಮೂರು ಸಲವೂ ಕ್ಷಮೆ ಕೋರಿತು. ಕೋಣೆಯ ಬಾಗಿಲು ಮುಚ್ಚಿದೆ. ಸಿನಿಮಾದ ವಿದೇಶಿಯರಂತೆ ಮೂಗಿನಲ್ಲಿ, ಸ್ವರಗಳನ್ನು ಅರ್ಧ ನುಂಗಿ, ನಾಲ್ಕನೆಯ ಸಲ ಹೇಳಿದೆ. ತಕ್ಷಣ ಕೆಲಸವಾಯಿತು. ಯಾರೂ ನೋಡಲಿಲ್ಲ. ಆದರೂ ಬಾಗಿಲು ಮುಚ್ಚಿದೆನಲ್ಲ, ಅದು ನೆನಪಿದೆ.

ಬಾಗಿಲು ಮುಚ್ಚಿಯೂ ತಪ್ಪಿಸಿಕೊಳ್ಳಲಾಗದ ಒಬ್ಬಾಕೆಯ ಪ್ರಸಂಗ ವೈದ್ಯಶಾಸ್ತ್ರದ ದಾಖಲೆಯಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ನಾರ್ವೆಯನ್ನು ಆಕ್ರಮಿಸಿಕೊಂಡಿದ್ದ ಕಾಲ. 1941ರ ವಿಮಾನದಾಳಿಯಲ್ಲಿ ಬಾಂಬಿನ ಚೂರು ತಗುಲಿ ಒಬ್ಬ ನಾರ್ವೇಜಿಯನ್ ತರುಣಿಯ ಮಿದುಳಿಗೆ ಪೆಟ್ಟಾಯಿತು. ಬದುಕಿಕೊಂಡಳು, ಕಳೆದುಹೋದ ಮಾತೂ ಮೆಲ್ಲಗೆ ಮರಳಿತು. ಆದರೆ ಅದರ ಸ್ವರ ಬದಲಾಗಿತ್ತು. ನಾರ್ವೇಜಿಯನ್ ಭಾಷೆಯಲ್ಲಿ ಪದಕ್ಕೊಂದು ಏರಿಳಿತವಿದೆ, ಅದು ಎಡವಿದರೆ ಕೇಳುವವರಿಗೆ ಪರದೇಶಿಯ ಮಾತಿನಂತೆ ಕೇಳಿಸುತ್ತದೆ. ಅವಳ ಮಾತು ಜರ್ಮನರ ಮಾತಿನಂತೆ ಕೇಳಿಸುತ್ತಿತ್ತು. ನಾರ್ವೆಯಿಂದ ಹೊರಗೆ ಎಂದೂ ಕಾಲಿಡದ ಅವಳಿಗೆ ಅಂಗಡಿಯವರು ಸಾಮಾನು ಕೊಡಲು ಒಲ್ಲೆನ್ನುತ್ತಿದ್ದರು. ನರರೋಗತಜ್ಞ ಮೊನ್ರಾಡ್-ಕ್ರೋನ್ 1947ರಲ್ಲಿ ಇದನ್ನು ವಿವರವಾಗಿ ಬರೆದ. ಅವಳು ಜರ್ಮನ್ ಕಲಿತಿರಲಿಲ್ಲ. ಅವಳ ನಾಲಿಗೆಯಲ್ಲಿ ಜರ್ಮನಿ ಇರಲೇ ಇಲ್ಲ. ಇದ್ದದ್ದು ಆ ಹೊತ್ತಿನ ಭಯ ತುಂಬಿದ್ದ ಸುತ್ತಲಿನವರ ಕಿವಿಯಲ್ಲಿ.

ಈ ಕಿವಿ ಎಷ್ಟು ಬೇಗ ಶುರುವಾಗುತ್ತದೆ? ಕೂಸು ಕದ ಮುಚ್ಚಿಕೊಳ್ಳುವುದನ್ನು ಹೇಳಿದೆ. ಅದಕ್ಕೂ ಹಿಂದೆ, ಹುಟ್ಟಿ ಎರಡರಿಂದ ಐದು ದಿನವಾದ ಶಿಶುಗಳ ಅಳುವನ್ನು ಜರ್ಮನಿಯ ಸಂಶೋಧಕಿ ಕಾಥ್ಲೀನ್ ವೆರ್ಮ್ಕೆ ಮತ್ತು ಸಂಗಡಿಗರು ಧ್ವನಿಮುದ್ರಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂವತ್ತು ಫ್ರೆಂಚ್ ಶಿಶುಗಳು, ಮೂವತ್ತು ಜರ್ಮನ್ ಶಿಶುಗಳು. ಫ್ರೆಂಚ್ ಶಿಶುಗಳ ಅಳು ಕೆಳಗಿನಿಂದ ಮೇಲಕ್ಕೆ ಹೋಗುವುದು ಹೆಚ್ಚು, ಜರ್ಮನ್ ಶಿಶುಗಳದ್ದು ಮೇಲಿನಿಂದ ಕೆಳಕ್ಕೆ. ಆಯಾ ಭಾಷೆಯ ಮಾತಿನ ಓಟವೂ ಹಾಗೆಯೇ. ಗರ್ಭದ ಗೋಡೆ ದಾಟಿ ಒಳಗೆ ಬರುವುದು ವ್ಯಂಜನಗಳಲ್ಲ, ಪದಗಳಲ್ಲ. ಅಲ್ಲಿಗೆ ತಲುಪುವುದು ತಾಯಿಯ ಮಾತಿನ ಏರಿಳಿತ. ಭಾಷೆ ಬರುವುದಕ್ಕೆ ಎಷ್ಟೋ ಮೊದಲು ಧಾಟಿ ಬಂದಿರುತ್ತದೆ.

ಆ ಫೋನ್ ಕರೆಯಾದ ಕೆಲವು ತಿಂಗಳಿಗೆ, ತಂಗಿ ಮನೆಯ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಮೊಬೈಲಿನಲ್ಲಿ ಕೇಳುವಂತೆ ಮಾಡಿಸಿ ಕಳಿಸಿದಳು. ಒಂದರಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಪದ್ಯ ಹೇಳುತ್ತಾನೆ. ಸಾಲಿನ ಕೊನೆಯನ್ನು ಎಳೆದು, ಎಳೆದದ್ದನ್ನು ಮೇಲಕ್ಕೆತ್ತಿ, ನಡುವಿನ ಸ್ವರವೊಂದನ್ನು ಪೂರಾ ನುಂಗಿ ಹೇಳುತ್ತಾನೆ. ನನಗೆ ಮೊದಲು ಬಂದ ಯೋಚನೆ: ಈ ಹುಡುಗ ಯಾವ ಕಡೆಯವನು? ಅರ್ಧ ನಿಮಿಷ ಕೇಳಿದ ಮೇಲೆ, ಪದ್ಯ ಮರೆತು ಅವನು ತಡವರಿಸಿದ ಜಾಗದಲ್ಲಿ, ಅದು ನಾನೆಂದು ತಿಳಿಯಿತು. ಮತ್ತೆ ಹಾಕಿ ಕೇಳಿದೆ. ಎರಡನೆಯ ಸಲವೂ ಅವನು ಎಲ್ಲಿಯವನೋ ಆಗಿಯೇ ಉಳಿದ.

ಅವನು ತಡವರಿಸಿದಾಗ ಹಿಂದಿನಿಂದ ಒಂದು ಹೆಣ್ಣುಧ್ವನಿ ಬರುತ್ತದೆ. ಅಮ್ಮ. "ಅವಸರ ಮಾಡಬೇಡ, ಮೊದಲಿನಿಂದ ಹೇಳು" ಎನ್ನುತ್ತಾಳೆ. ಅದೇ ಸೀಮೆಯಲ್ಲಿ ಹುಟ್ಟಿ ಅಲ್ಲೇ ಬಾಳಿದವಳು. ಆ ಫೋನಿನ ಹೆಂಗಸು ಕೇಳಿದ್ದರೆ ಒಂದೇ ಪದದಲ್ಲಿ ಊರು ಹಿಡಿಯುತ್ತಿದ್ದರು. ಏನು ಎಳೆದಳು, ಎಲ್ಲಿ ಏರಿಸಿದಳು ಎಂದು ಗಮನಿಸಲು ನಾನು ಆ ಐದಾರು ಸೆಕೆಂಡನ್ನು ಹತ್ತು ಸಲವಾದರೂ ಹಿಂದಕ್ಕೆ ತಿರುಗಿಸಿ ಕೇಳಿದೆ. ಅವಳ ಮಾತಿನಲ್ಲಿ ನನಗೆ ಯಾವ ಧಾಟಿಯೂ ಕೇಳಿಸಲಿಲ್ಲ.